ಹೆಪ್ಪು ಕೊಟ್ಟ ಕಪ್ಪೆ: ಡೈನೊಸಾರ್ ಕುಲನಿರ್ಣಯ ಮೀಮಾಂಸೆ

ಪ್ರಸ್ತಾವನೆ

ಮೈಕೆಲ್ ಕ್ರೈಟನ್ 1990ರಲ್ಲಿ ‘ಜುರಾಸಿಕ್ ಪಾರ್ಕ್’ ಕಾದಂಬರಿ ಬರೆದರು. 1993ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅದನ್ನು ತೆರೆಗೆ ತಂದರು. ಅಂದಿನಿಂದ ಲೋಕವೆಲ್ಲ ಡೈನೊಸಾರ್‌ನ ಹಲ್ಲು ಎಣಿಸುತ್ತ ಕೂತಿದೆ. ಅದರ ಹೊಟ್ಟೆಯೊಳಗೆ ಕೂತ ಕಪ್ಪೆಯನ್ನು ಕೇಳುವವರಿಲ್ಲ. ಈ ಘೋರ ಅನ್ಯಾಯವನ್ನು ಸರಿಪಡಿಸಲೆಂದೇ ಪ್ರಸ್ತುತ ಲೇಖಕನು ಸತತ ಎರಡು ಭಾನುವಾರ ಅಖಂಡ ಅಧ್ಯಯನ ನಡೆಸಿದ್ದಾನೆ.

ಪಾಠ ಪರಿಷ್ಕರಣೆ

ಕಥೆ ನಡೆಯುವುದು ಕೋಸ್ಟರಿಕಾ ಕಡಲಾಚೆಯ ಇಸ್ಲಾ ನುಬ್ಲಾರ್ ಎಂಬ ಕಲ್ಪಿತ ದ್ವೀಪದಲ್ಲಿ. ಮರದ ಅಂಟು ಕಲ್ಲಾಗಿ, ಅದರಲ್ಲಿ ಸಿಕ್ಕಿಬಿದ್ದ ಸೊಳ್ಳೆ; ಸೊಳ್ಳೆಯ ಹೊಟ್ಟೆಯಲ್ಲಿ ಡೈನೊಸಾರ್ ರಕ್ತ; ರಕ್ತದಲ್ಲಿ ಡಿಎನ್ಎ. ಆ ಡಿಎನ್ಎ ಗೆದ್ದಲು ತಿಂದ ತಾಳೆಗರಿಯಂತೆ ಅಲ್ಲಲ್ಲಿ ತೂತು. ಹಲವು ತಳಿಗಳಲ್ಲಿ ಈ ತೂತುಗಳಿಗೆ ಕಪ್ಪೆಯ ಡಿಎನ್ಎ ತೇಪೆ ಹಾಕಲಾಯಿತು. ನಮ್ಮ ಗ್ರಂಥಸಂಪಾದಕರೂ ಕಳೆದುಹೋದ ಅಕ್ಷರಗಳನ್ನು ಊಹಿಸಿ ತುಂಬುವವರೇ. ಆದರೆ ತುಂಬಿದ್ದನ್ನು ಚೌಕ ಕಂಸದಲ್ಲಿ ತೋರಿಸುವ ಮರ್ಯಾದೆ ಅವರಿಗಿದೆ. ಕಾದಂಬರಿಯ ತಳಿವಿಜ್ಞಾನಿ ಹೆನ್ರಿ ವೂ ಕಂಸ ಹಾಕಲಿಲ್ಲ. ಸಕಲ ಅನರ್ಥಕ್ಕೂ ಇದೇ ಮೂಲ.

ಪೂರ್ವಪಕ್ಷ

ಡಿಎನ್ಎ ಅಷ್ಟು ಕಾಲ ಉಳಿಯುವುದೇ ಇಲ್ಲವೆಂದು ವಿಜ್ಞಾನಿಗಳ ಆಕ್ಷೇಪ. ನ್ಯೂಜಿಲೆಂಡಿನ ಅಳಿದುಹೋದ ಮೋವಾ ಹಕ್ಕಿಯ ಮೂಳೆಗಳನ್ನು ಪರೀಕ್ಷಿಸಿ, ಡಿಎನ್ಎಯ ಅರ್ಧಾಯುಷ್ಯ 521 ವರ್ಷವೆಂದು 2012ರಲ್ಲಿ ಲೆಕ್ಕ ಹಾಕಿದರು. ಡೈನೊಸಾರ್‌ಗಳು ಅಳಿದು 6.6 ಕೋಟಿ ವರ್ಷವಾಯಿತು. ಒಪ್ಪಿದೆವು. ಆದರೆ ಹಾಗಿದ್ದಲ್ಲಿ ತಾಳೆಗರಿಯೇ ಇಲ್ಲ, ಬರೀ ತೇಪೆ. ಅಂದರೆ ಪ್ರಾಣಿ ಪೂರ್ತಿ ಕಪ್ಪೆ. ಆಕ್ಷೇಪವು ನಮ್ಮ ಪಕ್ಷಕ್ಕೇ ಬಂದು ಸೇರಿತು.

ಸಿದ್ಧಾಂತ: ಹೆಪ್ಪುನ್ಯಾಯ

ಒಂದು ಪಾತ್ರೆ ಹಾಲಿಗೆ ಅರ್ಧ ಚಮಚ ಹೆಪ್ಪು ಸಾಕು. ಬೆಳಗಾಗುವಷ್ಟರಲ್ಲಿ ಹಾಲು ಹೆಪ್ಪಿನ ಮಾತು ಕೇಳಿರುತ್ತದೆ. ದ್ವೀಪದಲ್ಲಿ ಹುಟ್ಟಿಸಿದ್ದೆಲ್ಲ ಹೆಣ್ಣು. ಆದ್ದರಿಂದ ಸಂತಾನದ ಭಯವಿಲ್ಲವೆಂದು ಮಾಲೀಕರು ನಿಶ್ಚಿಂತರಾಗಿದ್ದರು. ಆದರೆ ಬರೀ ಹೆಣ್ಣುಗಳೇ ಇರುವಲ್ಲಿ ತಾನೇ ಗಂಡಾಗಿಬಿಡುವ ವಿದ್ಯೆ ಕೆಲವು ಕಪ್ಪೆಗಳಿಗೆ ಗೊತ್ತು. ಹೆಪ್ಪು ತನ್ನ ಕೆಲಸ ಮಾಡಿತು. ಕಾಡಿನಲ್ಲಿ ಮೊಟ್ಟೆ ಒಡೆದವು.

ಗಣತಿ ಪ್ರಕರಣ

ಕಾದಂಬರಿಯ ಕಂಪ್ಯೂಟರ್ ಪ್ರಾಣಿಗಳನ್ನು ಎಣಿಸುತ್ತದೆ: ಇರಬೇಕಾದ್ದು 238, ಇರುವುದು 238. ಗಣಿತಜ್ಞ ಇಯಾನ್ ಮಾಲ್ಕಮ್‌ಗೆ ಗುಮಾನಿ. 300 ಹುಡುಕಲು ಹೇಳಿದಾಗ 292 ಸಿಕ್ಕವು! 238 ಸಿಕ್ಕಿದೊಡನೆ ಯಂತ್ರ ಎಣಿಕೆ ನಿಲ್ಲಿಸುತ್ತಿತ್ತು. ಅದು ಸುಳ್ಳು ಹೇಳಲಿಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಟ್ಟಿತು. ಮದುವೆ ಮನೆಯಲ್ಲಿ ಹಾಕಿದ ಎಲೆಗಳನ್ನು ಮಾತ್ರ ಎಣಿಸಿ, ಬಾಗಿಲಲ್ಲಿ ನಿಂತ ನೆಂಟರನ್ನು ಬಿಟ್ಟಂತೆ.

ಬೇಳೆ ಪ್ರಕರಣ

ಪ್ರಾಣಿಗಳು ತಪ್ಪಿಸಿಕೊಂಡರೂ ಬದುಕಬಾರದೆಂದು, ಲೈಸೀನು ಎಂಬ ಅಮೈನೊ ಆಮ್ಲವನ್ನು ಮೈಯೊಳಗೆ ತಯಾರಿಸಿಕೊಳ್ಳಲಾಗದಂತೆ ಅವನ್ನು ತಿದ್ದಲಾಗಿತ್ತಂತೆ. ಆ ಶಕ್ತಿ ನಮಗೂ ಇಲ್ಲ, ಹಸುವಿಗೂ ಇಲ್ಲ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸೀನು ಬೇಳೆಯಲ್ಲಿ ಧಾರಾಳ. ನಾವು ಅನ್ನಕ್ಕೆ ಸಾರು ಕಲಸಿ ದಿನವೂ ಈ ಶಾಪವಿಮೋಚನೆ ಮಾಡಿಕೊಳ್ಳುತ್ತಿದ್ದೇವೆ. ತಪ್ಪಿಸಿಕೊಂಡ ಡೈನೊಸಾರ್‌ಗಳೂ ಸೋಯಾ ಅವರೆಯಂಥ ಕಾಳುಗಳ ಹೊಲಕ್ಕೇ ನುಗ್ಗಿದವು. ಒಗ್ಗರಣೆ ಮಾತ್ರ ಇರಲಿಲ್ಲ.

ಉಪಸಂಹಾರ

ಹೀಗೆ ಕುಲನಿರ್ಣಯ ಕೊನೆಯ ಘಟ್ಟಕ್ಕೆ ಬಂದಾಗ, ಕ್ಷೇತ್ರಕಾರ್ಯಕ್ಕಾಗಿ ಎದುರುಮನೆ ಅಜ್ಜಿಯಿಂದ ಬಟ್ಟಲಲ್ಲಿ ಹೆಪ್ಪು ತಂದೆ. ಮರುದಿನ ಹೋಗಿ ಕೇಳಿದೆ: “ಅಜ್ಜಿ, ಹಾಲು ನಮ್ಮದು, ಹೆಪ್ಪು ನಿಮ್ಮದು. ಮೊಸರು ಯಾರದು?”

“ಸಿಹಿಯಾಗಿದ್ರೆ ನಿಮ್ಮದೇ ಕಣಪ್ಪ. ಹುಳಿ ಬಂದ ದಿನ ತಾನೇ ನಿಮಗೆ ನಮ್ಮನೆ ಹೆಪ್ಪಿನ ನೆನಪಾಗೋದು!”

ದ್ವೀಪದಲ್ಲೂ ಕಪ್ಪೆಯ ಕಡತ ಹುಡುಕಿದ್ದು ಮೊಟ್ಟೆ ಒಡೆದ ಮೇಲೆಯೇ. ಪ್ರಬಂಧ ಇಲ್ಲಿಗೆ ಸಮಾಪ್ತ. ಅಜ್ಜಿಯ ಬಟ್ಟಲು ಇನ್ನೂ ನಮ್ಮನೆಯಲ್ಲೇ ಇದೆ.