ಹಿಮ ತೂರುವ ಯಂತ್ರ

ಉಪ್ಪಾರಹಳ್ಳಿಯ ಡಿಸೆಂಬರ್ ಚಳಿಗೆ ಒಂದು ಮಂಕಿಟೋಪಿ ಸಾಕು. ಅದೂ ಬಿಸಿಲೇರುವ ಹೊತ್ತಿಗೆ ಜೇಬು ಸೇರುತ್ತದೆ. ಇಂಥ ಊರಲ್ಲಿ ಕೂತು, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮನೆ ಕೊಂಡ ಮಗಳು ಅಳಿಯನಿಗೆ ಯಾವ ಸ್ನೋ ಬ್ಲೋವರ್ ಕೊಳ್ಳಬೇಕೆಂದು ನಾನು ಸಲಹೆ ಕೊಟ್ಟೆ. ಸಲಹೆಗೆ ಅನುಭವ ಬೇಕೆಂಬ ಕಟ್ಟಳೆ ನಮ್ಮ ಕಡೆ ಎಂದೂ ಇರಲಿಲ್ಲ.

ಗುದ್ದಲಿಯಂಥದ್ದೊಂದು ಸಲಿಕೆ ಸಾಲದೇ ಎಂದು ಮೊದಲು ಕೇಳಿದ್ದೂ ನಾನೇ. ಆಮೇಲೆ ಲೆಕ್ಕ ಹಾಕಿದೆ. ಗ್ಯಾರೇಜಿನಿಂದ ರಸ್ತೆಯವರೆಗೆ 12 ಮೀಟರ್ ಉದ್ದ, 5 ಮೀಟರ್ ಅಗಲ. ಅದರ ಮೇಲೆ 20 ಸೆಂಟಿಮೀಟರ್ ಹಿಮ. ಹೊಸದಾಗಿ ಬಿದ್ದ ಹಗುರ ಹಿಮವೇ ಸುಮಾರು 12 ಕ್ವಿಂಟಾಲ್ ತೂಗುತ್ತದೆ. ಒದ್ದೆಯದಾದರೆ ಅದರ ಎರಡರಷ್ಟೋ ಮೂರರಷ್ಟೋ. ಮಂಡಿಯ ಹಮಾಲರೂ ಕೂಲಿ ಕೇಳದೆ ಮುಟ್ಟದ ಭಾರ. ಆ ಊರಲ್ಲಿ 1991ರ ಒಂದೇ ಬಿರುಗಾಳಿಗೆ 28 ಇಂಚು ಬಿದ್ದಿತ್ತಂತೆ.

ಅಳಿಯನಿಗೆ ಚಿಕ್ಕದು ಬೇಕಿತ್ತು. ಒಂದೇ ಹಂತದ ಯಂತ್ರ: ರಬ್ಬರಿನ ಅಲಗು ನೆಲ ಸವರುತ್ತ ಹಿಮವನ್ನು ಬಾಚಿ, ತಾನೇ ಎಸೆಯುತ್ತದೆ. ಹಗುರ, ಅಂಗಳವೂ ಚೊಕ್ಕಟ. ಜಲ್ಲಿ ಹಾಸಿದ ದಾರಿಯಾದರೆ ಮಾತ್ರ ಕಲ್ಲನ್ನೂ ಪಕ್ಕದ ಮನೆಯ ಕಿಟಕಿಗೆ ತಲುಪಿಸುತ್ತದೆ. ಬ್ಯಾಟರಿಯದೂ ಇದೆ, ಸದ್ದಿಲ್ಲ, ಆದರೆ ಚಳಿಯಲ್ಲಿ ಅದರ ದಮ್ಮು ಇಳಿಯುತ್ತದೆ. ಎರಡು ಹಂತದ್ದು ಬೇರೆಯೇ ಜಾತಿ. ಮುಂದಿನ ಕಬ್ಬಿಣದ ಸುರುಳಿ ಹಿಮವನ್ನು ಪುಡಿಮಾಡಿ ಒಳಗೆಳೆದುಕೊಂಡರೆ, ಹಿಂದಿನ ಚಕ್ರ ಅದನ್ನು ಕೊಳವೆಯಿಂದ ದೂರಕ್ಕೆ ತೂರುತ್ತದೆ. 24 ಇಂಚು ಅಗಲದ್ದನ್ನೇ ಅಂಗಡಿಯವರು ‘ಕಾಂಪ್ಯಾಕ್ಟ್’ ಅನ್ನುತ್ತಾರಂತೆ. ನಮ್ಮ ಬಚ್ಚಲಿಗಂತೂ ಅದು ಹಿಡಿಸದು.

ನನ್ನ ತೀರ್ಪು ನಿಂತದ್ದು ಗೇಟಿನ ಬಾಯಿಯಲ್ಲಿ. ಪಟ್ಟಣದ ಗಾಡಿ ರಸ್ತೆ ಬಳಿದು, ಬಳಿದದ್ದನ್ನೆಲ್ಲ ಮನೆಮನೆಯ ಮುಂದೆ ಒಡ್ಡುಕಟ್ಟಿ ಹೋಗುತ್ತದೆ; ಒಂದು ತಾಸಿಗೆ ಅದು ಬಂಡೆಯಾಗುತ್ತದೆ. ಚರಂಡಿ ಹೂಳು ಎತ್ತಿ ಬಾಗಿಲಲ್ಲೇ ಗುಡ್ಡೆ ಹಾಕಿ ಹೋಗುವುದನ್ನು ಕಂಡ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ರಬ್ಬರಿನ ಅಲಗು ಆ ಒಡ್ಡಿನ ಮುಂದೆ ಕುಣಿಯುತ್ತದೆ, ಕೊರೆಯುವುದಿಲ್ಲ. ಎರಡು ಹಂತದ್ದೇ ತಗೋ ಎಂದೆ.

ಅಧಿಕಪ್ರಸಂಗವಲ್ಲ. ಕ್ವಿಬೆಕ್‌ನ ಆರ್ಥರ್ ಸಿಕಾರ್ 1925ರಲ್ಲಿ ಇದನ್ನು ರೂಪಿಸಿದಾಗ ಅವನಿಗೆ ಹೊಳಹು ಕೊಟ್ಟದ್ದು ಕಾಳು ಒಕ್ಕುವ ಯಂತ್ರ ಎನ್ನುತ್ತಾರೆ. ಅಂದಮೇಲೆ ಇದು ನಮ್ಮದೇ ವಿದ್ಯೆ! ರಾಗಿ ತೆನೆಯನ್ನು ಡಾಂಬರಿಗೆ ಹರವಿ, ಹೋಗಿಬರುವ ಬಸ್ಸು ಲಾರಿಗಳಿಂದ ಪುಕ್ಕಟೆ ಒಕ್ಕಣೆ ಮಾಡಿಸಿಕೊಳ್ಳುವ ಗುಬ್ಬಿ, ಕುಣಿಗಲ್ ಸೀಮೆಯವರು ನಾವು. ಗಾಳಿಗೆ ಎದುರಾಗಿ ತೂರಬೇಡ ಎಂದು ಫೋನಿನಲ್ಲೇ ಬುದ್ಧಿ ಹೇಳಿದೆ. ಕೊಳವೆಗೆ ಹಿಮ ಕಟ್ಟಿಕೊಂಡರೆ ಎಂಜಿನ್ ಆರಿಸಿ ಕೋಲಿನಿಂದ ಬಿಡಿಸು, ಕೈಯಂತೂ ಹಾಕಬೇಡ ಎಂದದ್ದು ಮಗಳು. ಎಂಜಿನ್ ನಿಂತರೂ ಒಳಗಿನ ಬಿಗಿತಕ್ಕೆ ಅಲಗು ತಟ್ಟನೆ ಒಂದು ಸುತ್ತು ತಿರುಗೀತು, ಬೆರಳು ಹೋದೀತು.

ಯಂತ್ರ ಬಂತು. ಈಗ ಗ್ಯಾರೇಜಿನಲ್ಲಿ ಅದು ಬೆಚ್ಚಗಿದೆ, ಜಾಗ ಸಾಲದೆ ಅಳಿಯನ ಕಾರು ಹೊರಗೆ ಹಿಮ ಹೊದ್ದು ನಿಂತಿದೆ. ದಿನಾ ಬೆಳಿಗ್ಗೆ ಅದನ್ನು ಕೈಯಲ್ಲೇ ಗುಡಿಸಬೇಕಂತೆ. ತೆಂಗಿನ ಕಡ್ಡಿಪೊರಕೆ ಕಳಿಸಲೇ ಎಂದೆ. ‘ಬಣ್ಣಕ್ಕೆ ಗೀರು ಬೀಳುತ್ತೆ, ಮಾವ’ ಅಂದ.