ಕಣ್ಣು ಮಿಟುಕಿಸಿ, ಯಜಮಾನ್ರೆ

ಬೆಂಗಳೂರಿನಲ್ಲಿರುವ ಮಗಳು ಒಂದು ಭಾನುವಾರ ವಾಟ್ಸಾಪಿನಲ್ಲಿ ನನ್ನ ಭವಿಷ್ಯ ಕಳಿಸಿದಳು. ಜಾತಕವಲ್ಲ, ಸಂಶೋಧನೆ. ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬರ್ನ್ ಎಂಬ ಇಬ್ಬರು ವಿದ್ವಾಂಸರು 2013ರಲ್ಲಿ ಅಮೆರಿಕದ 702 ಉದ್ಯೋಗಗಳನ್ನು ಸಾಲಾಗಿ ನಿಲ್ಲಿಸಿ, ಯಾವುದನ್ನು ಕಂಪ್ಯೂಟರ್ ನುಂಗುವ ಸಂಭವ ಎಷ್ಟೆಂದು ಲೆಕ್ಕ ಹಾಕಿದ್ದಾರಂತೆ. ನನ್ನಂಥ ವಿಮಾ ಏಜೆಂಟರ ಎದುರಿಗೆ ಶೇ. 92 ಎಂದಿತ್ತು. ಇಷ್ಟು ರಿಸ್ಕ್ ಇರುವ ಜೀವಕ್ಕೆ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲ. ಪ್ರಪೋಸಲ್ ಫಾರಂ ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಹಾಗೆ ವಾಪಸು ಕಳಿಸುವ ಅಂಡರ್‌ರೈಟರನ ಅಂಕಿ ಶೇ. 99 ಎಂದು ನೋಡಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಹೆಂಡತಿಗೆ ಓದಿ ಹೇಳಿದೆ. "ಉಳಿದ ಎಂಟರಲ್ಲಿ ನೀವಿರ್ತೀರ ಅಂತ ಆಸೆ ಇಟ್ಕೋಬೇಡಿ. ಹಾಲಿನವನಿಗೆ ದುಡ್ಡು ಕೊಟ್ರಾ?" ಎಂದಳು.

ನಿಜ ಹೇಳಬೇಕೆಂದರೆ, ನನ್ನಂಥವನನ್ನು ಬಿಟ್ಟು ವಿಮೆ ಮಾಡಿಸುವ ಯೋಚನೆ ಆಕ್ಸ್‌ಫರ್ಡಿಗಿಂತ ಎಷ್ಟೋ ಮೊದಲೇ ಮೈಸೂರಿನವರಿಗೆ ಬಂದಿತ್ತು. 1891ರಲ್ಲಿ ಮಹಾರಾಜರ ಸರ್ಕಾರ ತನ್ನ ನೌಕರರಿಗೆಂದು ಶುರು ಮಾಡಿದ ವಿಮೆಯೇ ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅಂದರೆ ಕೆಜಿಐಡಿ. ಕಂತು ಸಂಬಳದಲ್ಲೇ ಮುರಿದುಹೋಗುತ್ತದೆ. ಏಜೆಂಟನಿಲ್ಲ, ಬ್ಯಾಗಿಲ್ಲ, "ಸಂಜೆ ಮನೇಲಿರ್ತೀರಾ ಸಾರ್?" ಇಲ್ಲ. ನಮ್ಮೂರು ತಿಪಟೂರಿನ ಸರ್ಕಾರಿ ಮೇಷ್ಟ್ರುಗಳೆಲ್ಲ ನನ್ನನ್ನು ಕಂಡೊಡನೆ "ನಮ್ದು ಕೆಜಿಐಡಿ ಇದೆ" ಎಂದು ಅಂಗೈ ತೋರಿಸಿ ಮುಂದೆ ಹೋಗುವುದು ಆ ಮಹಾರಾಜರ ಬಲದಿಂದಲೇ.

ನಾನು ಈ ಕಸುಬಿಗೆ ಬಂದಾಗ ನಮ್ಮ ಡೆವಲಪ್‌ಮೆಂಟ್ ಆಫೀಸರ್ ಸಾಹೇಬರು ಓದೆಷ್ಟು ಎಂದು ಕೇಳಲಿಲ್ಲ, ನೆಂಟರೆಷ್ಟು ಎಂದು ಕೇಳಿದರು. ಎರಡು ಹಾಳೆ ತುಂಬ ಬರೆದುಕೊಟ್ಟೆ. ಅವರು ಅದನ್ನು ಓದಿ, ಕೆಲವು ಹೆಸರುಗಳ ಕೆಳಗೆ ಗೆರೆ ಎಳೆದು, "ಇವರು ಮೊದಲು" ಎಂದರು. ಮೊದಲ ಗೆರೆ ಬಿದ್ದದ್ದು ನಮ್ಮ ಚಿಕ್ಕಪ್ಪನ ಕೆಳಗೆ. 2007ರ ಕೊನೆಯಲ್ಲಿ ಅವರಿಗೆ ಷೇರುಪೇಟೆಗೆ ಗಂಟು ಹಾಕಿದ ಯುಲಿಪ್ ಪಾಲಿಸಿ ಮಾಡಿಸಿದೆ. ಮೂರು ವರ್ಷ ಕಟ್ಟಿದರೆ ಸಾಕು, ದುಡ್ಡು ತಾನೇ ಬೆಳೆಯುತ್ತದೆ ಎಂದಿದ್ದೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿದಾಗ ಚಿಕ್ಕಪ್ಪ ನನ್ನನ್ನು ಮನೆಗೆ ಕರೆದು ಒಬ್ಬಟ್ಟು ಹಾಕಿಸಿದರು. ಅಕ್ಟೋಬರಿನಲ್ಲಿ ಅದು 8,000ಕ್ಕಿಂತ ಕೆಳಗೆ ಇಣುಕಿ ಬಂತು. ಅಲ್ಲಿಂದ ಮುಂದೆ ಬೈಗುಳಕ್ಕೆ ಹೆದರಿ, ನೆಂಟರ ಮದುವೆಗಳಲ್ಲಿ ಚಿಕ್ಕಪ್ಪ ಮೊದಲ ಪಂಕ್ತಿಯಲ್ಲಿ ಕೂತರೆ ನಾನು ಮೂರನೆಯದರಲ್ಲಿ ಕೂರುತ್ತಿದ್ದೆ. ಅಷ್ಟು ಹೊತ್ತಿಗೆ ಕೋಸಂಬರಿ ಮುಗಿದಿರುತ್ತಿತ್ತು. 2010ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಯುಲಿಪ್‌ನ ಮೂರು ವರ್ಷವನ್ನು ಐದಕ್ಕೆ ಏರಿಸಿ ಚಾರ್ಜುಗಳಿಗೆ ಕಡಿವಾಣ ಹಾಕಿತು. ನನಗೆ ಕೋಸಂಬರಿಯನ್ನು ಮಾತ್ರ ಯಾರೂ ವಾಪಸು ಕೊಡಿಸಲಿಲ್ಲ.

ಹೀಗೆ ಬೈಸಿಕೊಳ್ಳುವುದು ನಮ್ಮ ಕಸುಬಿನ ಕಷ್ಟದ ಭಾಗ ಎಂದೇ ನಾನು ತಿಳಿದಿದ್ದೆ. ಸುಖದ ಭಾಗ ರೇಟ್ ಬುಕ್ಕು. ವಯಸ್ಸು, ಅವಧಿ, ಸಾವಿರಕ್ಕೆ ಇಷ್ಟು, ವರ್ಷಕ್ಕೊಮ್ಮೆ ಕಟ್ಟಿದರೆ ಇಷ್ಟು ಕಡಿತ ಎಂದು ಬೆರಳ ತುದಿಯಲ್ಲಿ ಲೆಕ್ಕ ಹಾಕಿ, ಕನ್ನಡಕದ ಮೇಲಿಂದ ಗಿರಾಕಿಯನ್ನು ನೋಡುವಾಗ ನನಗೆ ನಾನೇ ಚಾರ್ಟರ್ಡ್ ಅಕೌಂಟೆಂಟ್. ಈಗ ಆ ಲೆಕ್ಕವನ್ನು ಗಿರಾಕಿಯ ಮೊಮ್ಮಗಳು ನಾನು ಕನ್ನಡಕ ತೆಗೆಯುವಷ್ಟರಲ್ಲಿ ಮಾಡಿ ಮುಗಿಸುತ್ತಾಳೆ. ಮೇಲೆ ನೇರವಾಗಿ ಕೊಂಡರೆ ಡಿಸ್ಕೌಂಟು ಬೇರೆ. ಇದೇ ಗಿರಾಕಿಗಳು ಮೊದಲೆಲ್ಲ "ಮೊದಲ ಕಂತು ನೀವೇ ಕಟ್ಬಿಡಿ" ಎಂದು ನಗುತ್ತ ಕೇಳುತ್ತಿದ್ದರು. 1938ರ ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ಹಾಗೆ ಕಮಿಷನ್ ಹಂಚಿಕೊಳ್ಳುವುದು ತಪ್ಪು, 10 ಲಕ್ಷದವರೆಗೆ ದಂಡ. ನಾನು ಕೊಟ್ಟೆನೋ ಇಲ್ಲವೋ ಎಂಬುದನ್ನು ಈ ಲೇಖನದಲ್ಲಿ ಬರೆಯಲಾರೆ. ಇದರ ಸಂಭಾವನೆ ಅಷ್ಟಿಲ್ಲ. ಆದರೆ ಯಂತ್ರ ಬಿಟ್ಟುಕೊಟ್ಟರೆ ಡಿಸ್ಕೌಂಟು, ನಾನು ಬಿಟ್ಟುಕೊಟ್ಟರೆ ಅಪರಾಧ ಎಂಬುದು ಮಾತ್ರ ಹೊಟ್ಟೆಯಲ್ಲಿ ಉರಿಯುತ್ತದೆ.

ಮಾರ್ಚ್ ತಿಂಗಳೂ ಹೋಯಿತು. ತೆರಿಗೆ ಉಳಿಸಲು 80ಸಿ ಎಂದು ಹುಡುಕಿಕೊಂಡು ಬರುತ್ತಿದ್ದ ಬ್ಯಾಂಕಿನವರು, ಲೆಕ್ಚರರುಗಳು 2023ರಿಂದ ಹೊಸ ತೆರಿಗೆ ಪದ್ಧತಿಯೇ ಮೊದಲ ಆಯ್ಕೆಯಾದ ಮೇಲೆ ನನ್ನ ನಂಬರನ್ನೇ ಅಳಿಸಿದಂತಿದೆ.

ಇಷ್ಟಾದರೂ ಏಜೆಂಟರ ಸಂತತಿ ಕ್ಷೀಣಿಸಿಲ್ಲ ಎಂಬುದು ವಿಚಿತ್ರ. 2024ರ ಡಿಸೆಂಬರಿನಲ್ಲಿ ಪಾಣಿಪತ್‌ನಲ್ಲಿ ಪ್ರಧಾನಿಯವರೇ ಎಲ್‌ಐಸಿಯ ಬಿಮಾ ಸಖಿ ಯೋಜನೆಗೆ ಚಾಲನೆ ಕೊಟ್ಟರು. ಹತ್ತನೇ ತರಗತಿ ಪಾಸಾದ ಹೆಣ್ಣುಮಕ್ಕಳಿಗೆ ಮೊದಲ ವರ್ಷ ತಿಂಗಳಿಗೆ 7,000 ರೂಪಾಯಿ ಸ್ಟೈಪೆಂಡು. ಮರುತಿಂಗಳು, 2025ರ ಜನವರಿ 20ರಂದು, ಎಲ್‌ಐಸಿಯ 4,52,839 ಏಜೆಂಟರು ಒಂದೇ ದಿನದಲ್ಲಿ 5,88,107 ಪಾಲಿಸಿ ಮಾಡಿಸಿ ಗಿನ್ನೆಸ್ ದಾಖಲೆ ಬರೆದರು. ಭಾಗಿಸಿ ನೋಡಿದೆ: ತಲೆಗೆ ಒಂದೂಕಾಲು, ಮೇಲೆ ಚೂರು. ನಾನು ಬೇರೆ ಕಂಪನಿಯವನಾದ್ದರಿಂದ ಆ ದಾಖಲೆಯಲ್ಲಿ ನನ್ನ ಪಾಲಿಲ್ಲ. ಇದ್ದಿದ್ದರೆ ಆ ಒಂದು ಖಂಡಿತ ನನ್ನ ಹೆಂಡತಿಯ ಹೆಸರಿನಲ್ಲಿರುತ್ತಿತ್ತು; ಕಾಲಿಗೆ ಯಾರನ್ನು ಹುಡುಕುತ್ತಿದ್ದೆನೋ.

ನಮ್ಮ ಕಂಪನಿಯೂ ಸುಮ್ಮನಿರಲಿಲ್ಲ. ಕಾಗದವೇ ಇಲ್ಲದೆ ಪಾಲಿಸಿ ಮಾಡುವ ಆ್ಯಪ್ ಕೊಟ್ಟಿತು. ಗಿರಾಕಿಯ ಆಧಾರ್ ಹಾಕಬೇಕು, ಅವರ ಮೊಬೈಲಿಗೆ ಒಟಿಪಿ ಬರುತ್ತದೆ, ಆಮೇಲೆ ಫೋನಿನ ಮುಂದೆ ಅವರು ಮುಖ ತೋರಿಸಿ ಕಣ್ಣು ಮಿಟುಕಿಸಬೇಕು. ಮಿಟುಕಿಸಿದರೆ ಜೀವಂತ ಮನುಷ್ಯ ಎಂದರ್ಥ. ಟ್ರೈನಿಂಗಿನಲ್ಲಿ ನಾವೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡು ಮಿಟುಕಿಸಿ ಪಾಸಾದೆವು.

ಆ್ಯಪಿನಲ್ಲಿ ನನ್ನ ಮೊದಲ ಬೇಟೆ ಕೊಬ್ಬರಿ ಮಂಡಿಯ ಯಜಮಾನರು. ನನಗಿಂತ ಹದಿನಾರು ವರ್ಷ ದೊಡ್ಡವರು. ಒಂದೇ ಸಲ ದುಡ್ಡು ಕಟ್ಟಿ ತಕ್ಷಣದಿಂದ ಬದುಕಿರುವಷ್ಟು ಕಾಲ ಪೆನ್ಷನ್ ಪಡೆಯುವ ಆನ್ಯುಟಿ ಪಾಲಿಸಿಗೆ ಒಪ್ಪಿದ್ದರು. ಒಪ್ಪಿಸಲು ಎಷ್ಟು ಕಾಫಿ ಕುಡಿದೆನೋ ನನ್ನ ಸಕ್ಕರೆ ರಿಪೋರ್ಟಿಗೇ ಗೊತ್ತು. ತೊಂದರೆಯೆಂದರೆ ಹಿಂದಿನ ದಿನವಷ್ಟೇ ಅವರಿಗೆ ಬಲಗಣ್ಣಿನ ಪೊರೆ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದರು. ಪಟ್ಟಿ ಬಿಚ್ಚಿದ ಮೇಲೆ ಹೋಗಬಹುದಿತ್ತು. ಆದರೆ ಅವತ್ತು ತಿಂಗಳ ಕೊನೆ, ಬ್ರಾಂಚ್ ಮ್ಯಾನೇಜರು ಬೆಳಗ್ಗಿನಿಂದ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಹಾಕಿ ಹಾಕಿ ಕಳಿಸುತ್ತಿದ್ದರು.

ಒಟಿಪಿ ಬೆಂಗಳೂರಿನಲ್ಲಿರುವ ಯಜಮಾನರ ಮಗನ ಮೊಬೈಲಿಗೆ ಹೋಯಿತು. ಅವನಿಗೆ ಫೋನ್ ಮಾಡಿ ಕೇಳಿದೆ. "ಅಂಕಲ್, ಇದನ್ನ ಯಾರಿಗೂ ಹೇಳಬೇಡಿ ಅಂತ ಇದರಲ್ಲೇ ಬರೆದಿದೆ" ಎಂದ. ಅಪ್ಪನ ಕೈಗೆ ಫೋನ್ ಕೊಟ್ಟೆ. "ನಿಮ್ಮ ದನಿ ಥರಾನೇ ಯಾರೋ ಮಾಡ್ತಾರಂತೆ ಅಪ್ಪಾ ಈಗ, ನಮ್ಮ ಹಳೇ ನಾಯಿ ಹೆಸರೇನು ಹೇಳಿ" ಎಂದನಂತೆ. ಯಜಮಾನರು ನಾಯಿಯ ಹೆಸರನ್ನೂ ಮಗನ ಹೆಸರನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿದ ಮೇಲೆ ಅಪ್ಪನೇ ಎಂದು ಖಾತ್ರಿಯಾಗಿ ಅಂಕಿಗಳು ಬಂದವು.

ಆಮೇಲೆ ಮುಖ. "ದಯವಿಟ್ಟು ಕಣ್ಣು ಮಿಟುಕಿಸಿ" ಎಂದಿತು ಆ್ಯಪ್. ಯಜಮಾನರು ಮಿಟುಕಿಸಿದರು. ಒಂದಕ್ಕೆ ಪಟ್ಟಿ ಇರುವಾಗ ಇನ್ನೊಂದನ್ನು ಮಿಟುಕಿಸಿದರೆ ಅದನ್ನು ಲೋಕದಲ್ಲಿ ಏನನ್ನುತ್ತಾರೋ ಅದೇ ಆಯಿತು. ಅದೇ ಕ್ಷಣಕ್ಕೆ ಅಮ್ಮನವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಈ ವಯಸ್ಸಲ್ಲಿ ಯಾರಿಗ್ರೀ ಕಣ್ಣು ಹೊಡೀತಾ ಇದ್ದೀರ?"

"ಪೆನ್ಷನ್‌ಗೆ ಕಣೇ" ಎಂದರು ಯಜಮಾನರು.

ಯಂತ್ರ ಒಪ್ಪಲಿಲ್ಲ. ಮತ್ತೆ ಮಿಟುಕಿಸಿ ಎಂದಿತು. ಅವರು ಮತ್ತೆ ಹೊಡೆದರು. ಅಮ್ಮನವರು ಕಾಫಿಯನ್ನು ಟೇಬಲ್ಲಿನ ಮೇಲೆ ಕುಕ್ಕಿ ಒಳಗೆ ಹೋದರು. ನಾನು ಯಜಮಾನರ ಪಕ್ಕಕ್ಕೆ ಬಗ್ಗಿ, "ಹಾಗಲ್ಲ ಯಜಮಾನ್ರೆ, ನಿಧಾನಕ್ಕೆ, ಹೀಗೆ... ಹೀಗೆ..." ಎಂದು ತೋರಿಸಿಕೊಟ್ಟೆ. ಪರದೆ ಹಸಿರಾಯಿತು. ಯಶಸ್ವಿ ಎಂದು ಬಂತು. ಇಬ್ಬರೂ ಕೈ ಕುಲುಕಿದೆವು. ಗುಂಪಿನಲ್ಲಿ ಮ್ಯಾನೇಜರು ನನ್ನ ಹೆಸರಿನ ಮುಂದೆ ಚಪ್ಪಾಳೆಯ ಚಿತ್ರ ಹಾಕಿದರು.

ಪಾಲಿಸಿ ಮಗನ ಈಮೇಲಿಗೆ ಬಂದ ದಿನ ಅವನ ಫೋನು. "ಅಂಕಲ್, ಅಪ್ಪನ ಪಾಲಿಸಿಯಲ್ಲಿ ನಿಮ್ಮ ಫೋಟೋ ಯಾಕಿದೆ?"

ನೋಡಿದರೆ ಹೌದು, ನಾನೇ. ಕಣ್ಣು ಅರೆಮುಚ್ಚಿ, ಬಾಯಿ ಸ್ವಲ್ಪ ತೆರೆದು, "ಹೀಗೆ" ಎನ್ನುತ್ತಿದ್ದೇನೆ. ಆಧಾರ್ ಫೋಟೋದಲ್ಲಿ ಯಜಮಾನರು ಯಾರ ಹಾಗೂ ಇರಲಿಲ್ಲವಾದ್ದರಿಂದ ನಾನೂ ಅವರಾಗಿರಬಹುದು ಎಂದು ಯಂತ್ರಕ್ಕೆ ಅನ್ನಿಸಿರಬೇಕು.

ಬೆವರುತ್ತ ಮಂಡಿಗೆ ಓಡಿದೆ. ಆನ್ಯುಟಿ ಪಾಲಿಸಿಯಲ್ಲಿ ಪಿಂಚಣಿದಾರ ಬದುಕಿದ್ದಾನೆಂದು ಆಗಾಗ ಸಾಬೀತು ಮಾಡಬೇಕು, ಈಗ ಅದಕ್ಕೂ ಮುಖವೇ ಸಾಕ್ಷಿ, ಹಾಗಾಗಿ ಮುಖ ತಪ್ಪಿದರೆ ಮುಂದೆ ಗಂಡಾಂತರ ಎಂದು ಬಿಡಿಸಿ ಹೇಳಿದೆ. ಯಜಮಾನರು ತಕ್ಕಡಿಯ ಪಕ್ಕ ಕೂತು ಎಲ್ಲ ಕೇಳಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಂದ್ರೆ, ನೀನು ಬದುಕಿರೋವರೆಗೂ ನಂಗೆ ಪೆನ್ಷನ್ ಬರುತ್ತೆ."

"ಹಾಗಲ್ಲ ಯಜಮಾನ್ರೆ..."

"ಇರಯ್ಯ. ವಯಸ್ಸಾದೋರಿಗೆ ರೇಟು ಜಾಸ್ತಿ ಅಂತ ಅವತ್ತು ನೀನೇ ಹೇಳ್ದೆ. ಬೇಗ ಹೋಗ್ತಾರೆ, ಕಂಪನಿಗೆ ಸಲೀಸು ಅಂತ. ಈಗ ರೇಟು ನನ್ನ ವಯಸ್ಸಿಂದು, ಆಯಸ್ಸು ನಿಂದು. ಇಂಥ ಮಾಲು ನಾನು ಈ ಮಂಡೀಲಿ ಕಂಡೇ ಇಲ್ಲ."

ಯಾವ ಆ್ಯಕ್ಚುಯರಿಯೂ ಇಷ್ಟು ಚೊಕ್ಕವಾಗಿ ಹೇಳಿಯಾನೆಂದು ನನಗೆ ನಂಬಿಕೆಯಿಲ್ಲ. ಅವತ್ತಿನಿಂದ ಯಜಮಾನರಿಗೆ ನನ್ನ ಮೇಲೆ ಎಲ್ಲಿಲ್ಲದ ಅಕ್ಕರೆ. ಹೆಲ್ಮೆಟ್ ಹಾಕದೆ ಹೊರಟರೆ ಮಂಡಿಯ ಹುಡುಗನನ್ನು ಹಿಂದೆ ಓಡಿಸುತ್ತಿದ್ದರು. ಕಾಫಿಗೆ ಸಕ್ಕರೆ ನಿಂತಿತು. "ಬೆಳಗ್ಗೆ ವಾಕಿಂಗ್ ಹೋಗ್ತಾನೇನಮ್ಮ?" ಎಂದು ನನ್ನ ಹೆಂಡತಿಗೇ ಫೋನ್ ಮಾಡಿ ವಿಚಾರಿಸಿದರು. ನನ್ನ ಆಯಸ್ಸಿನ ಬಗ್ಗೆ ಇಷ್ಟು ಕಾಳಜಿ ನನ್ನ ಸ್ವಂತ ನಾಮಿನಿಗೂ ಇರಲಿಲ್ಲ.

ಆದರೆ ಇದು ಮೋಸದ ಲೆಕ್ಕಕ್ಕೆ ಹೋಗುವ ವಿಷಯ, ಸರಿಪಡಿಸಲೇಬೇಕು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಇಂಪಾದ ಹೆಣ್ಣು ದನಿ. ವಿಳಾಸ ಬದಲಾವಣೆಗೆ ಒಂದು ಒತ್ತಿ, ನಾಮಿನಿ ಬದಲಾವಣೆಗೆ ಎರಡು. ಮುಖ ಬದಲಾವಣೆಗೆ ಯಾವ ನಂಬರೂ ಇರಲಿಲ್ಲ. ಕೊನೆಗೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆಂದು ವಾಪಸು ಕೊಡುವ ಫ್ರೀ ಲುಕ್ ಅವಕಾಶ ಬಳಸಿ ರದ್ದು ಮಾಡಿಸುವುದೆಂದಾಯಿತು. ರದ್ದಾದರೆ ನನ್ನ ಕಮಿಷನ್ನೂ ವಾಪಸು. ಮೊದಲೇ ಪೆನ್ಷನ್ ಪಾಲಿಸಿಯ ಕಮಿಷನ್ ಚಿಕ್ಕದು. ಹೋಗುವಾಗ ಅದು ದೊಡ್ಡದಾಗಿ ಕಂಡಿತು.

ಯಾಕೆ ರದ್ದು ಮಾಡುತ್ತೀರಿ ಎಂದು ವಿಚಾರಿಸಲು ಅದೇ ಇಂಪಾದ ದನಿ ಯಜಮಾನರಿಗೆ ಫೋನ್ ಮಾಡಿತು. ಮನುಷ್ಯಳಲ್ಲ ಎಂದು ಅವರಿಗೆ ಗೊತ್ತಿಲ್ಲ. ಸಂಜೆ ನನ್ನನ್ನು ಕರೆಸಿಕೊಂಡರು.

"ಯಾವೂರಮ್ಮ ನಿಮ್ದು ಅಂದೆ. ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಅಂತು. ಕೋಪ ಬಂದು ಚೆನ್ನಾಗಿ ಬೈದೆ ಕಣಯ್ಯ. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಅಂತು. ಬೈದಿದ್ದಕ್ಕೆ ಧನ್ಯವಾದ ಹೇಳೋರ ಹತ್ರ ಏನು ವ್ಯವಹಾರ ಮಾಡೋದು?"

ಅಲ್ಲಿ ಉಳಿದಿದ್ದ ಅಷ್ಟೂ ಬೈಗುಳವನ್ನು ಅವತ್ತು ನನಗೆ ಬೈದರು. ಬೈದಾದ ಮೇಲೆ ಹಗುರಾಗಿ, ಇನ್ನೊಂದು ಕಾಫಿಗೆ ಹೇಳಿದರು. ಸಕ್ಕರೆ ಹಾಕಿದ್ದೇ; ಈಗ ನನ್ನ ಆಯಸ್ಸಿನಿಂದ ಅವರಿಗೇನೂ ಆಗಬೇಕಿರಲಿಲ್ಲ. ನಾನು ಆಕ್ಸ್‌ಫರ್ಡಿನ ಶೇ. 92ರ ವಿಷಯ ತೆಗೆದೆ. ಯಜಮಾನರು ನಕ್ಕರು. "ಕೊಬ್ಬರಿಗೂ ಇ-ಟೆಂಡರ್ ಬಂತಲ್ಲ. ರೇಟು ಕೂಗೋದು ಕಂಪ್ಯೂಟರೇ. ರೇಟು ಬಿದ್ದ ದಿನ ರೈತ ಕಂಪ್ಯೂಟರಿಗೆ ಬೈತಾನೇನು? ಅಟ್ಟದ ಮೇಲೆ ವರ್ಷ ಕಾದಿಟ್ಟ ಕೊಬ್ಬರಿ ಅದು. ನೆಟ್ಟಗೆ ಈ ಜಗಲಿಗೆ ಬಂದು ನನ್ನ ಅಪ್ಪನಿಂದ ಶುರು ಮಾಡ್ತಾನೆ."

ಯೋಚಿಸಿದರೆ ಸುಳ್ಳಲ್ಲ. ನಾನು ಹೆಮ್ಮೆಪಟ್ಟುಕೊಂಡಿದ್ದ ಲೆಕ್ಕ, ಫಾರಂ, ಕಂತಿನ ಜ್ಞಾಪನೆ ಎಲ್ಲವನ್ನೂ ಯಂತ್ರ ಎತ್ತಿಕೊಂಡು ಹೋಯಿತು. ಬಿಟ್ಟುಹೋದದ್ದು ನಾನು ಮೂರನೇ ಪಂಕ್ತಿಯಲ್ಲಿ ಕೂತು ತಪ್ಪಿಸಿಕೊಳ್ಳುತ್ತಿದ್ದುದನ್ನು ಮಾತ್ರ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಟರ್ಮ್ ಮತ್ತು ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ. 18 ಜಿಎಸ್‌ಟಿ ತೆಗೆದಾಗಲೂ ನೋಡಿ, ಆನ್‌ಲೈನಿನಲ್ಲಿ ಕೊಂಡಿದ್ದ ನಮ್ಮ ಭಾವಮೈದುನ ಹಿಂದಿನ ವರ್ಷಗಳ ಜಿಎಸ್‌ಟಿ ವಾಪಸು ಕೇಳಿದ್ದು ಕೌನ್ಸಿಲನ್ನಲ್ಲ, ವೆಬ್‌ಸೈಟನ್ನಲ್ಲ, ನನ್ನನ್ನು.

ಪಟ್ಟಿ ಬಿಚ್ಚಿದ ಮೇಲೆ ಯಜಮಾನರು ಮತ್ತೆ ಪಾಲಿಸಿ ಮಾಡಿಸಿದರು. ಈ ಸಲ ನನ್ನನ್ನು ಫೋನಿನಿಂದ ನಾಲ್ಕು ಮಾರು ದೂರದ ಕುರ್ಚಿಯಲ್ಲಿ ಕೂರಿಸಿ, ರಜಕ್ಕೆ ಬಂದಿದ್ದ ಮೊಮ್ಮಗಳ ಕೈಗೆ ಕೊಟ್ಟರು. ತಾತ ಎರಡೂ ಕಣ್ಣು ಮಿಟುಕಿಸಿದರು, ಒಂದೇ ಏಟಿಗೆ ಹಸಿರು. ಕೊನೆಯಲ್ಲಿ ಹುಡುಗಿ, "ಏಜೆಂಟ್ ಕೋಡ್ ಇದ್ದರೆ ಹಾಕಿ ಅಂತ ಕೇಳ್ತಿದೆ ತಾತ, ಬಿಟ್ಬಿಡ್ಲಾ?" ಎಂದಳು.

"ಹಾಕು ಹಾಕು. ನಾಳೆ ಬೈಯೋಕೆ ಯಾರಾದ್ರೂ ಬೇಕಲ್ಲ."

ನಾನು ದೂರದ ಕುರ್ಚಿಯಿಂದಲೇ ಕೂಗಿ ಹೇಳಿದೆ, ಅವಳು ಒತ್ತಿದಳು. ಎಲ್ಲೋ ಒಂದು ಅಂಕಿ ಹೆಚ್ಚುಕಡಿಮೆಯಾಗಿ ಕಮಿಷನ್ ಕಲಬುರಗಿಯ ಯಾರೋ ಏಜೆಂಟರ ಖಾತೆಗೆ ಹೋಗಿದೆ. ಬೈಗುಳ ಮಾತ್ರ ಸರಿಯಾದ ವಿಳಾಸಕ್ಕೇ ಬರುತ್ತಿದೆ.