ಕಪಿಲೆಯ ಕಾಟ್ಲಾ ಅವರಿಗೊಂದು ಬಹಿರಂಗ ಪತ್ರ

ಶ್ರೀಮಾನ್ ಕಾಟ್ಲಾ ಮೀನು ಅವರಿಗೆ,
ಕಪಿಲಾ ನದಿ, ನಂಜನಗೂಡಿನ ಕೆಳಗೆ, ತಿರುಮಕೂಡಲಿನ ಮೇಲೆ.

ಬಿಳಿಗೆರೆ ಸೀಮೆಯ ಬಲೆಯವರು ಮಾಡುವ ನಮಸ್ಕಾರಗಳು. ಇತ್ತ ಕ್ಷೇಮ ಅಷ್ಟಕ್ಕಷ್ಟೆ. ಅತ್ತ ತಮ್ಮ ಕ್ಷೇಮ ಸೊಗಸಾಗಿದೆಯೆಂದು ಪತ್ರಿಕೆಗಳಲ್ಲಿ ಬರುವ ಫೋಟೋಗಳಿಂದ ತಿಳಿಯುತ್ತಿದೆ.

ಇಂಥ ಓಲೆಯನ್ನು ಮಂತ್ರಿಗಳಿಗೋ ಜಿಲ್ಲಾಧಿಕಾರಿಗಳಿಗೋ ಬರೆಯುವುದು ವಾಡಿಕೆ. ಬೆಸ್ತರು ತಮ್ಮನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಡೀ ಹೊಳೆಯಲ್ಲಿ ಕಚೇರಿಗಳವರು ಕೈಯಾರೆ ಎತ್ತಿ ಬಿಡುವುದು ತಮ್ಮಂಥವರನ್ನು ಮಾತ್ರ.

ತಾವು ಮೂಲತಃ ಗಂಗೆ, ಬ್ರಹ್ಮಪುತ್ರೆಯ ಕಡೆಯವರು. ನಿಂತ ನೀರಿನಲ್ಲಿ ಮೊಟ್ಟೆಯಿಡದ ಬಿಗುಮಾನದ ವಂಶ. ಆ ಬಿಗುಮಾನ ಬಿಡಿಸುವ ದಾರಿ ಸಿಕ್ಕಿದ್ದು 1957ರ ಜುಲೈ 10ರಂದು, ಒಡಿಶಾದಲ್ಲಿ. ಹೀರಾಲಾಲ್ ಚೌಧುರಿ ಮತ್ತು ಅಲಿಕುಞಿ ಎಂಬ ವಿಜ್ಞಾನಿಗಳು ತಮ್ಮ ಬಳಗದ ಗೆಂಡೆಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮರಿ ಮಾಡಿಸಿದರು. ಆ ದಿನವೇ ಇವತ್ತು ರಾಷ್ಟ್ರೀಯ ಮೀನು ಕೃಷಿಕರ ದಿನ. ದೇಶದಲ್ಲಿ ಮೀನು ಹೆಚ್ಚಿದ್ದು ಆ ಸೂಜಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ. ತಾವು ಕಾವೇರಿ, ಕಪಿಲೆಗೆ ಬಂದು ನೆಲೆಸಿದ್ದೂ ಮನುಷ್ಯರ ಕೈಯಿಂದಲೇ. ಯಾರೂ ವಾಸಸ್ಥಳದ ದೃಢೀಕರಣ ಪತ್ರ ಕೇಳಲಿಲ್ಲ.

ತಮ್ಮ ಗೃಹಪ್ರವೇಶದ ವೈಭವವನ್ನು ದಡದಲ್ಲಿ ನಿಂತು ನೋಡಿದವರು ಮರೆಯಲಾರರು. ಆಮ್ಲಜನಕ ತುಂಬಿ ಉಬ್ಬಿದ ಪ್ಲಾಸ್ಟಿಕ್ ಚೀಲ, ಒಳಗೆ ಬೆರಳುದ್ದದ ತಾವು. ತಂದ ಕೂಡಲೇ ಚೀಲದ ಬಾಯಿ ಬಿಚ್ಚುವುದಿಲ್ಲ, ತುಸು ಹೊತ್ತು ಹೊಳೆಯ ಮೇಲೆ ತೇಲಲು ಬಿಡುತ್ತಾರೆ. ಒಳಗಿನ ನೀರು ಹೊರಗಿನ ನೀರಿನ ತಂಪಿಗೆ ಒಗ್ಗಿಕೊಳ್ಳಲಿ, ತಮಗೆ ಗಾಬರಿಯಾಗದಿರಲಿ ಎಂದು. ಬೆಸ್ತನನ್ನು ಕೆರೆಯ ಹರಾಜು ಸವಾಲಿನ ಕಟ್ಟೆಗೆ ಬಿಡುವಾಗ ಈ ಉಪಚಾರವಿಲ್ಲ.

ಆತನ ಬೆಳಗು ಬೇರೆ ತರಹದ್ದು. ಕತ್ತಲು ಹರಿಯುವ ಮೊದಲೇ ಹರಿಗೋಲು ನೀರಿಗಿಳಿಯುತ್ತದೆ. ಬಿದಿರಿನ ದಬ್ಬೆ ಹೆಣೆದ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಟಾರು. ಹೆಂಡತಿ ಹುಟ್ಟು ಹಾಕುತ್ತಾಳೆ, ಗಂಡ ರಾತ್ರಿ ಬಿಟ್ಟ ಬಲೆಯನ್ನು ಮೊಳ ಮೊಳವಾಗಿ ಎತ್ತುತ್ತಾನೆ. ಮೊದಲು ಬರುವುದು ಅಂತರಗಂಗೆ, ಆಮೇಲೆ ನೀರಿನ ಬಾಟಲಿ, ಆಮೇಲೆ ಜಿಲೇಬಿ. ಜಿಲೇಬಿಯೆಂದರೆ ಮದುವೆ ಮನೆಯದಲ್ಲ, ಆಫ್ರಿಕಾದಿಂದ ಬಂದು ಕೆರೆ ಹೊಳೆ ತುಂಬಿದ ತಿಲಾಪಿಯಾ. ತಾವು ಬಂದರೆ ಅಂದಿನ ದಿನ ಗೆದ್ದಂತೆ.

ದಡ ಮುಟ್ಟಿದ ಮೇಲಿನ ಕೆಲಸವೆಲ್ಲ ಅವಳದು. ಬೂದಿ ಹಚ್ಚಿ ತಿಕ್ಕಿ, ಹುರುಪೆ ತೆಗೆದು, ಗುಡ್ಡೆ ಮಾಡಿಟ್ಟು ಕೂರುತ್ತಾಳೆ. ಗಿರಾಕಿ ಬೈಕಿನಿಂದ ಇಳಿಯದೆ ‘ಕಿವಿರು ಎತ್ತು ನೋಡಣ’ ಅನ್ನುತ್ತಾನೆ. ಅವಳು ಎತ್ತಿ ತೋರಿಸುತ್ತಾಳೆ, ಕೆಂಪಗಿದೆ. ಆದರೂ ಹತ್ತು ರೂಪಾಯಿ ಚೌಕಾಸಿ. ಇಷ್ಟೆಲ್ಲ ಮಾಡಿದವಳನ್ನು ಕಾಗದದಲ್ಲಿ ಹುಡುಕಿದರೆ ಸಿಗುವುದು ‘ಮೀನುಗಾರನ ಹೆಂಡತಿ’ ಎಂಬ ಉದ್ಯೋಗ.

ಇನ್ನು ಹಕ್ಕಿನ ವಿಚಾರ. ದಡದ ಮೇಲಿನ ರೈತನಿಗೆ ಸರ್ವೆ ನಂಬರಿದೆ, ಪಹಣಿಯಿದೆ. ಬೆಳೆ ಒಣಗಿದರೆ ಆ ಪಹಣಿ ಹಿಡಿದು ಪರಿಹಾರಕ್ಕೆ ನಿಲ್ಲಬಹುದು. ನೀರಿಗೆ ಪಹಣಿಯಿಲ್ಲ. ಹೊಳೆಗೆ ಪರವಾನಗಿ, ಕೆರೆಗೆ ಗುತ್ತಿಗೆ, ಅಷ್ಟೆ. ದೊಡ್ಡ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದು, ಸಣ್ಣವುಗಳದು ಗ್ರಾಮ ಪಂಚಾಯಿತಿಯದು. ಮೀನು ಹಿಡಿಯುವವನದು ಎಂಬ ಮೂರನೆಯ ಬಗೆಯ ಕೆರೆ ರಾಜ್ಯದಲ್ಲಿಲ್ಲ. 1996ರ ಒಳನಾಡು ಮೀನುಗಾರಿಕೆ ಕಾಯ್ದೆಯ ಹೆಸರಿನಲ್ಲಿ ಸಂರಕ್ಷಣೆಯಿದೆ, ಅಭಿವೃದ್ಧಿಯಿದೆ, ನಿಯಂತ್ರಣವಿದೆ. ಮೂರೂ ತಮ್ಮ ಕುರಿತಾಗಿಯೇ. ಸಹಕಾರ ಸಂಘಗಳಿಗೆ ಆದ್ಯತೆಯಿದೆ ನಿಜ. ಸಂಘದ ಹೆಸರು ಮುಂದೆ, ದುಡ್ಡು ಹಾಕಿದ ಗುತ್ತಿಗೆದಾರ ಹಿಂದೆ, ಸದಸ್ಯ ಬೆಸ್ತ ಅದೇ ಕೆರೆಯಲ್ಲಿ ಕೂಲಿ ಎಂಬ ದೂರು ಕೆರೆಯಷ್ಟೇ ಹಳೆಯದು. 2023ರಂಥ ಬರ ಬಂದು ಕೆರೆಯ ತಳ ಬಿರುಕು ಬಿಟ್ಟಾಗ ತಾವು ಸತ್ತು ಪಾರಾಗುತ್ತೀರಿ, ಅವನ ಸಾಲ ಉಳಿಯುತ್ತದೆ.



ನೀರಿನ ಲೆಕ್ಕದಲ್ಲೂ ತಾವು ಪುಣ್ಯವಂತರು. ಕಾವೇರಿ ನ್ಯಾಯಾಧಿಕರಣ 2007ರಲ್ಲಿ 740 ಟಿಎಂಸಿ ನೀರನ್ನು ಪಾಲು ಹಾಕಿತು. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರಕ್ಕೆಂದು 10, ಸಮುದ್ರಕ್ಕೆ ಹೇಗೂ ಹರಿದು ಹೋಗುವುದು 4. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿತು. ಆ ಹತ್ತು ಟಿಎಂಸಿಯ ‘ಪರಿಸರ’ದಲ್ಲಿ ತಾವಿದ್ದೀರಿ. ಭತ್ತ, ಕಬ್ಬು, ಬೆಂಗಳೂರಿನ ನಲ್ಲಿ ಎಲ್ಲಕ್ಕೂ ವಾದಿಸುವವರಿದ್ದರು. ಬಲೆಗೆಂದು ಬೇರೆ ಪಾಲು ಹಾಕಿಲ್ಲ.

ಆದರೆ ತಮ್ಮ ಮನೆಯ ನೀರು ಹೇಗಿದೆ, ಸ್ವಾಮಿ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಭಾಗಗಳ ಪಟ್ಟಿ ಮಾಡಿತು. ಕರ್ನಾಟಕದವು 17. ಕಪಿಲೆಯ ನಂಜನಗೂಡು–ಹೆಜ್ಜಿಗೆ ನಡುವಿನ ತುಂಡು ಅದರಲ್ಲೊಂದು. ಶ್ರೀಕಂಠೇಶ್ವರನ ಸ್ನಾನಘಟ್ಟದ ಬಳಿಯೇ ಈ ಕಥೆ. ಮಂಡಳಿ ಅದನ್ನು ಅಳೆದದ್ದು ಬಾಟಲಿಯಲ್ಲಿ ನೀರು ತುಂಬಿಸಿಕೊಂಡು. ಬೆಸ್ತರಿಗೆ ಅಷ್ಟು ಸಲಕರಣೆ ಬೇಕಿಲ್ಲ, ಬಲೆಗೆ ಅಂಟಿದ ಲೋಳೆ ಮುಟ್ಟಿದರೆ ಸಾಕು. ಅವರನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ತಮಗಿಂತ ಹಳಬರೊಬ್ಬರ ಸುದ್ದಿಯೂ ತಿಳಿದಿರಲಿ. ಕಾವೇರಿಯ ಗೂನುಬೆನ್ನಿನ ಮಹಸೀರ್ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದೆಂದು ಗೊತ್ತಾದದ್ದು 2018ರಲ್ಲಿ. ಜಾಗತಿಕ ಕೆಂಪುಪಟ್ಟಿಯಲ್ಲಿ ‘ಅಳಿವಿನ ತೀರ ಅಂಚಿನಲ್ಲಿದೆ’ ಎಂದು ಸೇರಿದ್ದೂ ಅದೇ ವರ್ಷ. ನಾಮಕರಣ, ತಿಥಿಯ ಸಿದ್ಧತೆ ಒಟ್ಟಿಗೇ.

ಇನ್ನು ಮೀನು ಹಿಡಿಯುವವರ ಮಾತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸದಸ್ಯ ದೇಶಗಳು 2014ರಲ್ಲಿ ಸಣ್ಣ ಪ್ರಮಾಣದ ಮೀನುಗಾರಿಕೆಗೆ ಮಾರ್ಗಸೂಚಿ ಒಪ್ಪಿದವು. ಕಡಲಿನವರಿಗೆ ಮಾತ್ರವಲ್ಲ, ಕೆರೆ ಹೊಳೆಯವರಿಗೂ ಅದು ಅನ್ವಯ. ನೀರಿನ ಮೇಲಿನ ಹಕ್ಕು, ಹೆಂಗಸರ ಕೆಲಸಕ್ಕೆ ಮನ್ನಣೆ, ತೀರ್ಮಾನದಲ್ಲಿ ಪಾಲು ಎಲ್ಲವೂ ಅದರಲ್ಲಿದೆ. ಅದು ಅರ್ಪಿತವಾಗಿರುವುದು ಚೆನ್ನೈಯಲ್ಲಿದ್ದು ಮೀನುಗಾರರಿಗಾಗಿ ದುಡಿದ ಚಂದ್ರಿಕಾ ಶರ್ಮ ಅವರಿಗೆ. 2014ರ ಮಾರ್ಚಿನಲ್ಲಿ ಕಾಣೆಯಾದ ಮಲೇಷ್ಯಾ ವಿಮಾನದಲ್ಲಿ ಅವರಿದ್ದರು. ಇಲ್ಲಿ ವಿಡಂಬನೆಗೆ ಎಡೆಯಿಲ್ಲ. ಎಡೆಯಿರುವುದು ಆ ಮಾರ್ಗಸೂಚಿಯ ಹೆಸರಿನ ಮೊದಲ ಪದಕ್ಕೆ: ‘ಸ್ವಯಂಪ್ರೇರಿತ’. ಅಂದರೆ ಮನಸ್ಸಿದ್ದರೆ ಮಾಡಿ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ಎದುರು ವರ್ಷಗಟ್ಟಲೆ ನಿಂತ ಮೀನುಗಾರರಿಗೆ ಆ ಪದದ ಅರ್ಥ ಯಾವ ನಿಘಂಟಿಗಿಂತ ಚೆನ್ನಾಗಿ ಗೊತ್ತು.

ಗೌರವಕ್ಕೇನೂ ಕೊರತೆಯಿಲ್ಲ ಬಿಡಿ. ಜನವರಿ 21ರಂದು ವಚನಕಾರ ಅಂಬಿಗರ ಚೌಡಯ್ಯನವರ ಜಯಂತಿ, ಕಚೇರಿ ಕಚೇರಿಯಲ್ಲಿ ಹಾರ. 2025ರ ಫೆಬ್ರುವರಿಯಲ್ಲಿ ತಿ.ನರಸೀಪುರದ ಸಂಗಮದಲ್ಲಿ ಕುಂಭಮೇಳ, ಲಕ್ಷಾಂತರ ಜನರ ಪುಣ್ಯಸ್ನಾನ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಗೆ 2020ರಲ್ಲಿ ಘೋಷಿಸಿದ್ದು 20,050 ಕೋಟಿ ರೂಪಾಯಿ. ಅದರಡಿ ಅಪಘಾತದಲ್ಲಿ ಸತ್ತ ಮೀನುಗಾರನ ಮನೆಗೆ 5 ಲಕ್ಷ ರೂಪಾಯಿ ವಿಮೆ ನಿಗದಿಯಾಯಿತು, ಒಳ್ಳೆಯದೇ. ಬದುಕಿರುವವನು ಮುಂದಿನ ಸವಾಲಿಗೆ ಕಾಯಬೇಕು.

ಆದ್ದರಿಂದ ತಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಚೀಲ ನೀರಿನ ಮೇಲೆ ತೇಲುವಾಗ, ಕ್ಯಾಮೆರಾಗಳು ಸಿದ್ಧವಾದಾಗ, ದಯವಿಟ್ಟು ಹೊರಗೆ ಬರಬೇಡಿ. ಕೆರೆಯ ಗುತ್ತಿಗೆ ಮೀನು ಹಿಡಿಯುವವರಿಗೇ ಸಿಗುತ್ತದೆ, ನೀರು ಬತ್ತಿದರೆ ಗುತ್ತಿಗೆ ಹಣ ಬಿಡುತ್ತಾರೆ, ಗುರುತಿನ ಚೀಟಿಯಲ್ಲಿ ಹುಟ್ಟು ಹಾಕುವವಳ ಹೆಸರೇ ಮೊದಲು ಬರುತ್ತದೆ ಎಂದು ಯಾರಾದರೂ ಬರೆದುಕೊಡುವ ತನಕ ಚೀಲದಲ್ಲೇ ಧರಣಿ ಕೂರಿ. ಬೆಸ್ತರು ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ತಾವು ಕೂತರೆ ಸುದ್ದಿಯಾಗುತ್ತದೆ.

ಇಂತಿ,
ಬಿಳಿಗೆರೆ ಸೀಮೆಯ ಬಲೆಯವರು

ವಿ.ಸೂ.: ಉತ್ತರ ಬರೆದು ಕೈ ನೋಯಿಸಿಕೊಳ್ಳಬೇಡಿ. ನಾಳೆ ಬೆಳಿಗ್ಗೆ ಐದಕ್ಕೆ ಬಲೆ ಎತ್ತುತ್ತಾರೆ, ಖುದ್ದಾಗಿ ಬನ್ನಿ.